ಕೀಬೋರ್ಡಿಗೂ ಕುರ್ಚಿಗೂ ನಡುವೆ: ಪ್ರೋಗ್ರಾಮರುಗಳ ನಗು ಮತ್ತು ನಡತೆ



ಈ ಸಂಚಿಕೆಗೆ ಕಂಪ್ಯೂಟರ್ ಬಗ್ಗೆ ಏನಾದರೂ ಬರೆದುಕೊಡು ಎಂದು ನಮ್ಮ ಕಂಪ್ಯೂಟರ್ ಮೇಡಂ ಹೇಳಿದಾಗ ಪೈಥಾನ್ ಲೂಪ್ ಬಗ್ಗೆ ಬರೆಯೋಣ ಅಂದುಕೊಂಡೆ. ಆಮೇಲೆ ಯೋಚಿಸಿದೆ. ಲೂಪ್ ಪಠ್ಯಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ, ಆದರೆ ಪ್ರೋಗ್ರಾಂ ಬರೆಯುವ ಎಲ್ಲರಿಗೂ ಬೇಕಾದ ಒಂದು ಪಾಠ ಇದೆ. ಪ್ರೋಗ್ರಾಮರುಗಳು ಯಾವುದಕ್ಕೆ ನಗುತ್ತಾರೆ, ಪ್ರಶ್ನೆ ಹೇಗೆ ಕೇಳುತ್ತಾರೆ, ಉತ್ತರ ಹೇಗೆ ಕೊಡುತ್ತಾರೆ ಎಂಬ ಪಾಠ. ನನ್ನ ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಲ್ಯಾಬಿನಲ್ಲಿ ಇಂಗ್ಲಿಷ್. ಮೂರು ಭಾಷೆಯಲ್ಲೂ ಈ ಪಾಠವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ತಪ್ಪು ಮಾಡಿ ಕಲಿತೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಹೇಳಿದ ಜೋಕು

ಕಳೆದ ವರ್ಷ, ಪ್ರಥಮ ಪಿಯುಸಿಯಲ್ಲಿ, ನಮ್ಮ ಸಿಇಬಿಎ ತರಗತಿಯವರು ಲ್ಯಾಬ್ ಪಾಠಕ್ಕೆಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೆವು. ಅದರಲ್ಲಿ 31 ಜನ. ನಾನು ಹೊಳೆನರಸೀಪುರದಿಂದ ಬರುತ್ತೇನೆ. ಇನ್ನು ಕೆಲವರು ಚನ್ನರಾಯಪಟ್ಟಣದಿಂದ, ಕೆಲವರು ಅರಕಲಗೂಡಿನ ಕಡೆಯಿಂದ, ಉಳಿದವರು ಹಾಸನದವರೇ. ಅರಕಲಗೂಡಿನ ಕಡೆಯಿಂದ ಬರುವ ಒಬ್ಬ ಗೆಳತಿ ಒಂದು ಬೆಳಿಗ್ಗೆ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿ, "ಇದು ಬರ್ತಿಲ್ಲ, ಯಾರಾದ್ರೂ ಹೇಳಿ ಪ್ಲೀಸ್" ಎಂದು ಬರೆದಳು. ಸರಳ ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಂ. ಕೆಳಗೆ ಎರರ್.

ಹಿಂದಿನ ದಿನವಷ್ಟೇ ನಾನು ಪ್ರೋಗ್ರಾಮರುಗಳ ಒಂದು ಹಳೆಯ ಜೋಕು ಓದಿದ್ದೆ. ಕಂಪ್ಯೂಟರ್ ರಿಪೇರಿ ಮಾಡುವವರು, ಕಂಪ್ಯೂಟರಿನಲ್ಲಿ ಏನೂ ತೊಂದರೆ ಇಲ್ಲ, ಅದನ್ನು ಬಳಸುವವರೇ ತೊಂದರೆ ಎಂದು ಹೇಳಬೇಕಾದಾಗ 'ಪೆಬ್‌ಕ್ಯಾಕ್' ಎನ್ನುತ್ತಾರಂತೆ. ಅಂದರೆ, ದೋಷ ಇರುವುದು ಕೀಬೋರ್ಡಿಗೂ ಕುರ್ಚಿಗೂ ನಡುವೆ. ಅಲ್ಲಿರುವುದು ಮನುಷ್ಯ ತಾನೆ? ನನಗೆ ಬಹಳ ನಗು ಬಂದಿತ್ತು. ಸಿಕ್ಕಿದ ಅವಕಾಶ ಬಿಡಬಾರದೆಂದು ಕನ್ನಡದಲ್ಲಿ ಬರೆದೆ: "ಪ್ರೋಗ್ರಾಂ ಸರಿ ಇದೆ. ದೋಷ ಕೀಬೋರ್ಡಿಗೂ ಕುರ್ಚಿಗೂ ನಡುವೆ ಇದೆ." ಹತ್ತು ನಿಮಿಷದಲ್ಲಿ 19 ನಗುವ ಮುಖಗಳು ಬಿದ್ದವು. ಆ ದಿನ ನಾನು ತರಗತಿಯ ಹೀರೋ.

ಅವಳ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನಂತೂ ಎರರ್ ಓದಿಯೇ ಇರಲಿಲ್ಲ. ಓದಿದ್ದರೂ ನನಗೆ ಅದು ಗೊತ್ತಾಗುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ಉತ್ತರ ಬರದೆ ಕೇಳಿದವಳನ್ನೇ ಡೊಂಕು ಎಂದೆ.

ಅವಳು ಮತ್ತೆ ಗ್ರೂಪಿನಲ್ಲಿ ಏನೂ ಕೇಳಲಿಲ್ಲ. ಲ್ಯಾಬಿನಲ್ಲಿ ಹಿಂದಿನ ಸಾಲಿಗೆ ಹೋದಳು. ಕಿರು ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಯುವ ಪ್ರಶ್ನೆಯನ್ನೇ ಬಿಟ್ಟಳು. ಸುಮಾರು ಮೂರು ವಾರದ ನಂತರ ಮೇಡಂ ಬೇಸರದಿಂದ ಹೇಳಿದರು, ಅವಳು ಕಂಪ್ಯೂಟರ್ ಬಿಟ್ಟು ಎಚ್‌ಇಬಿಎಗೆ ಬದಲಾಯಿಸಿಕೊಡಿ ಎಂದು ಕೇಳಿದ್ದಾಳೆ ಅಂತ. ಅದೇ ವಾರ ನಾನು ಅದೇ ಬಡ್ಡಿ ಪ್ರೋಗ್ರಾಮನ್ನು ಹಿರಿಯ ವಿದ್ಯಾರ್ಥಿಗಳು ಕಳಿಸಿದ್ದ ವರ್ಡ್ ಫೈಲಿನಿಂದ ಕಾಪಿ ಮಾಡಿ ಓಡಿಸಿದೆ. ನನಗೂ ಅದೇ ಎರರ್ ಬಂತು.

ಎರಡು ಕಡೆಯ ಅನುಭವ

ಎಷ್ಟು ನೋಡಿದರೂ ತಪ್ಪು ಕಾಣಲಿಲ್ಲ. ಗ್ರೂಪಿನಲ್ಲಿ ಕೇಳಲು ಮುಖವಿಲ್ಲ. ಒಂದು ದೊಡ್ಡ ಪ್ರಶ್ನೋತ್ತರ ತಾಣದಲ್ಲಿ ನನಗೆ ಬಂದ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದೆ. ಕೆಲವೇ ನಿಮಿಷದಲ್ಲಿ ಅದನ್ನು ಮುಚ್ಚಿಬಿಟ್ಟರು. "ಇದು ಮೊದಲೇ ಕೇಳಿದ ಪ್ರಶ್ನೆ" ಎಂದು ಒಂದು ಸಾಲು, ಅದರ ಕೆಳಗೆ ಒಬ್ಬರ ಟೀಕೆ, "ಎರರನ್ನು ಓದಿ ನೋಡಿದೆಯಾ?" ಎಂಬ ಅರ್ಥದ್ದು. ನನ್ನ ಕಿವಿ ಬಿಸಿಯಾಯಿತು. ಯಾರೋ ಗುರುತಿಲ್ಲದವರ ಮುಂದೆ ಆದದ್ದೇ ನನಗೆ ಇಷ್ಟು ನೋವಾದರೆ, ದಿನಾ ಮುಖ ನೋಡುವ 30 ಜನರ ಮುಂದೆ ಅವಳಿಗೆ ಎಷ್ಟಾಗಿರಬೇಕು?

ಸಿಟ್ಟು ಇಳಿದ ಮೇಲೆ ಅವರು ಕೊಟ್ಟಿದ್ದ ಹಳೆಯ ಪ್ರಶ್ನೆಯ ಕೊಂಡಿ ತೆರೆದೆ. ಉತ್ತರ ಅಲ್ಲೇ ಇತ್ತು. ವರ್ಡ್ ಪ್ರೋಗ್ರಾಂ ನಾವು ಟೈಪ್ ಮಾಡುವ ನೆಟ್ಟನೆಯ ಉದ್ಧರಣ ಚಿಹ್ನೆಯನ್ನು ಅಂದಕ್ಕಾಗಿ ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಪೈಥಾನಿಗೆ ಬೇರೆ ಬೇರೆ. ಯೂನಿಕೋಡ್ ಪಟ್ಟಿಯಲ್ಲಿ ನೆಟ್ಟನೆಯ ಚಿಹ್ನೆಯ ಸಂಖ್ಯೆ 0022, ಬಾಗಿದ ಆರಂಭ ಚಿಹ್ನೆಯದು 201ಸಿ. ಎರರ್ ಸಾಲಿನಲ್ಲಿ ಆ 201ಸಿ ಸ್ಪಷ್ಟವಾಗಿ ಇತ್ತು. ಓದಲಿಲ್ಲ ಎಂದು ಟೀಕಿಸಿದವರ ಮಾತು ನಿಜ, ಹೇಳಿದ ರೀತಿ ಒರಟು. ಎರಡೂ ಒಟ್ಟಿಗೆ ಇರಬಹುದು ಎಂದು ಅಂದು ತಿಳಿಯಿತು.

ಮರುದಿನ ಸಂಜೆ ಹಾಸನದ ಬಸ್ ನಿಲ್ದಾಣದಲ್ಲಿ ಅವಳನ್ನು ಹುಡುಕಿ ಉತ್ತರ ಹೇಳಿದೆ, ಸಾರಿ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಿನ್ನ ಜೋಕು ಚೆನ್ನಾಗೇ ಇತ್ತು ಕಣೆ. ಆದ್ರೆ ನಾನು ಆವಾಗ ಬಸ್ಸಲ್ಲಿ ನಿಂತಿದ್ದೆ. ಅಣ್ಣನ ಫೋನಲ್ಲಿ ಮಾಡ್ತಿದ್ದೆ. ನನ್ನ ಹತ್ರ ಕೀಬೋರ್ಡೂ ಇರ್ಲಿಲ್ಲ, ಕುರ್ಚೀನೂ ಇರ್ಲಿಲ್ಲ."

ನನಗೆ ಮಾತು ಹೊರಡಲಿಲ್ಲ. ಅವಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಬೆಳಿಗ್ಗೆ ಏಳಕ್ಕೆ ಮೊದಲೇ ಮನೆ ಬಿಡುತ್ತಾಳೆ. ಅಣ್ಣನೂ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಾನೆ. ಇಳಿಯುವವರೆಗೆ ಅವನ ಫೋನು ಅವಳ ಕೈಗೆ ಸಿಗುತ್ತದೆ. ಆ ಸಮಯದಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳು ಪೈಥಾನ್ ಕಲಿಯುತ್ತಿದ್ದಳು. ಹೊರಡುವಾಗ ಇನ್ನೊಂದು ಮಾತು ಹೇಳಿದಳು: "ಗ್ರೂಪಲ್ಲಿ ಅಂದು, ಬಸ್‌ಸ್ಟ್ಯಾಂಡಲ್ಲಿ ಸಾರಿ ಹೇಳ್ತೀಯಲ್ಲ?" ಆ ರಾತ್ರಿ ಗ್ರೂಪಿನಲ್ಲಿ ಬರೆದೆ. ಅದಕ್ಕೆ ನಗುವ ಮುಖ ಒಂದೂ ಬೀಳಲಿಲ್ಲ. ಅವಳ ಒಪ್ಪಿಗೆ ಪಡೆದೇ ಇದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಪ್ರೋಗ್ರಾಮರುಗಳು ನಗುವುದು ಯಾವುದಕ್ಕೆ?

ಆಮೇಲೆ ನಾನು ಈ ವಿಷಯವನ್ನು ಸ್ವಲ್ಪ ಓದಿದೆ. ತಿಳಿದದ್ದೇನೆಂದರೆ, ಪ್ರೋಗ್ರಾಮರುಗಳ ಒಳ್ಳೆಯ ಜೋಕುಗಳಲ್ಲಿ ಹೆಚ್ಚಿನವು ಮನುಷ್ಯರ ಮೇಲೆ ಇಲ್ಲ. ಯಂತ್ರದ ಮೇಲೆ ಅಥವಾ ತಮ್ಮದೇ ಕೆಲಸದ ಮೇಲೆ ಇವೆ. ನಾಲ್ಕು ಉದಾಹರಣೆ ನೋಡೋಣ.

ಮೊದಲನೆಯದು 'ಬಗ್'. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್ 2 ಎಂಬ ದೊಡ್ಡ ಯಂತ್ರ ಕೆಟ್ಟಿತು. ಒಳಗೆ ನೋಡಿದರೆ ಒಂದು ರಿಲೇಯಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ಹುಳ ನಿಜವಾಗಿಯೂ ಸಿಕ್ಕಿದ ಮೊದಲ ಪ್ರಕರಣ ಇದು ಎಂಬರ್ಥದಲ್ಲಿ ಬರೆದರು. ಈ ಘಟನೆಯಿಂದಲೇ ಬಗ್ ಎಂಬ ಪದ ಹುಟ್ಟಿತು ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಯಂತ್ರದ ದೋಷಕ್ಕೆ ಆ ಮಾತು ಎಡಿಸನ್ ಕಾಲದಲ್ಲೇ, 19ನೇ ಶತಮಾನದಲ್ಲೇ ಇತ್ತು. ಮೊದಲೇ ಇದ್ದುದರಿಂದಲೇ ಅದು ಜೋಕಾಯಿತು. ಆ ಪುಟ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಕಥೆಯನ್ನು ಎಲ್ಲ ಕಡೆ ಹೇಳಿ ಪ್ರಸಿದ್ಧ ಮಾಡಿದವರು ಗ್ರೇಸ್ ಹಾಪರ್ ಎಂಬ ಮಹಿಳಾ ವಿಜ್ಞಾನಿ.

ಎರಡನೆಯದು ನಾವು ಓದುವ ಪೈಥಾನ್. ಅದು ಹಾವಿನ ಹೆಸರಲ್ಲ. ಅದನ್ನು ರೂಪಿಸಿದ ಗೀಡೋ ವಾನ್ ರಾಸಮ್ ಅವರಿಗೆ 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ತಂಡ ಇಷ್ಟವಿತ್ತು, ಅದರ ಹೆಸರಿಟ್ಟರು. 1991ರಲ್ಲಿ ಪೈಥಾನ್ ಹೊರಬಂತು. ಸಿ ಪ್ಲಸ್ ಪ್ಲಸ್‌ನಲ್ಲಿ ಪುಷ್ಪಾವರಣ ಬೇಕು, ಪೈಥಾನಿನಲ್ಲಿ ಸಾಲನ್ನು ಒಳಗೆ ಸರಿಸಿ ಬರೆದರೆ ಸಾಕು. ಪುಷ್ಪಾವರಣ ಕೊಡು ಎಂದು ಪೈಥಾನಿಗೆ ಒಂದು ಇಂಪೋರ್ಟ್ ಸಾಲಿನಲ್ಲಿ ಕೇಳಿದರೆ ಅದು ಎರರ್ ತೋರಿಸಿ, ಅಂಥ ಅವಕಾಶವೇ ಇಲ್ಲ ಎನ್ನುತ್ತದೆ! ಭಾಷೆಯನ್ನು ಮಾಡಿದವರೇ ಇಟ್ಟ ಜೋಕು ಇದು.

ಮೂರನೆಯದು ನಮ್ಮ ಜಿಲ್ಲೆಯವರಿಗೆ ಹತ್ತಿರದ್ದು, ಕಾಫಿಯದು. ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದು ಪಕ್ಕದ ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಪ್ರತೀತಿ ನಮಗೆಲ್ಲ ಗೊತ್ತು. ನಮ್ಮ ಸಕಲೇಶಪುರದ ತೋಟಗಳಲ್ಲೂ ಕಾಫಿಯೇ. ಇಂಟರ್‌ನೆಟ್ಟಿನ ನಿಯಮಗಳನ್ನು ಬರೆಯುವ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. 1998ರ ಏಪ್ರಿಲ್ 1ರಂದು ಲ್ಯಾರಿ ಮ್ಯಾಸಿಂಟರ್ ಎಂಬುವರು ಇಂಟರ್‌ನೆಟ್ ಮೂಲಕ ಕಾಫಿ ಮಾಡುವ ಯಂತ್ರವನ್ನು ನಡೆಸುವ ನಿಯಮಾವಳಿ ಬರೆದರು. ಅದು ಆರ್‌ಎಫ್‌ಸಿ 2324. ಪುಟ ಸಿಗದಿದ್ದರೆ 404 ಬರುವ ಹಾಗೆ, ಟೀ ಪಾತ್ರೆಯ ಹತ್ತಿರ ಕಾಫಿ ಕೇಳಿದರೆ 418 ಬರಬೇಕು, ಅಂದರೆ "ನಾನು ಟೀ ಪಾತ್ರೆ" ಎಂದು ಅದು ಹೇಳಬೇಕು. 2014ರ ಏಪ್ರಿಲ್ 1ರಂದು ಇಮ್ರಾನ್ ನಜರ್ ಎಂಬುವರು ಅದಕ್ಕೆ ಟೀಯನ್ನೂ ಸೇರಿಸಿ ಆರ್‌ಎಫ್‌ಸಿ 7168 ಬರೆದರು. 2017ರಲ್ಲಿ ಈ 418 ಜೋಕನ್ನು ತೆಗೆದುಹಾಕೋಣ ಎಂಬ ಸಲಹೆ ಬಂದಾಗ, ಅದನ್ನು ಉಳಿಸಿ ಎಂದು ಅಭಿಯಾನ ಮಾಡಿದವನು 15 ವರ್ಷದ ಒಬ್ಬ ಹುಡುಗ. ನಮಗಿಂತ ಚಿಕ್ಕವನು! 418 ಉಳಿಯಿತು. ಈ ಜೋಕಿನಿಂದ ಯಾರಿಗೂ ನೋವಿಲ್ಲ. ಟೀ ಪಾತ್ರೆಗೂ ಇಲ್ಲ.

ನಾಲ್ಕನೆಯದು ನಾವು ದಿನಾ ಬಳಸುವ ನಗುಮುಖ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಫಲಕದಲ್ಲಿ ಒಂದು ಲಿಫ್ಟ್ ಮತ್ತು ಪಾದರಸದ ಬಗ್ಗೆ ಯಾರೋ ತಮಾಷೆ ಬರೆದರು. ಕೆಲವರು ಅದನ್ನು ನಿಜವೆಂದೇ ತಿಳಿದರು. ಬರಹದಲ್ಲಿ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಅದಕ್ಕೆ 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ಪ್ರಾಧ್ಯಾಪಕರು, ತಮಾಷೆ ಎಂದು ತೋರಿಸಲು ಕೋಲನ್, ಅಡ್ಡಗೆರೆ, ಆವರಣ ಚಿಹ್ನೆ ಸೇರಿಸಿ ಹಾಕೋಣ ಎಂದರು. ಅಂದರೆ ನಗುಮುಖ ಹುಟ್ಟಿದ್ದು ಇನ್ನೊಬ್ಬರಿಗೆ ತಪ್ಪು ತಿಳಿವಳಿಕೆ ಆಗದಿರಲಿ ಎಂಬ ಕಾಳಜಿಯಿಂದ. ನಮ್ಮ ಗ್ರೂಪಿನಲ್ಲಿ ಅದೇ ಮುಖ 19 ಸಲ ಬಿದ್ದು ಒಬ್ಬಳನ್ನು ಹಿಂದಿನ ಸಾಲಿಗೆ ಕಳಿಸಿತು.

ನಗಿಸುವುದು ಬೇರೆ

ಈ ವಿಷಯ ಮನೆಯಲ್ಲಿ ಹೇಳಿದಾಗ ದಾದಿ ಒಂದೇ ಮಾತು ಹೇಳಿದರು: "ಹಸಾನಾ ಔರ್ ಹೈ, ಹಸೀ ಉಡಾನಾ ಔರ್ ಹೈ." ನಗಿಸುವುದು ಬೇರೆ, ನಗೆಪಾಟಲು ಮಾಡುವುದು ಬೇರೆ. ಒಬ್ಬರನ್ನೊಬ್ಬರು ಗೇಲಿ ಮಾಡಬಾರದು, ಅಡ್ಡಹೆಸರು ಇಡಬಾರದು ಎಂದು ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲೇ ಇದೆಯಲ್ಲ, ಅರಬ್ಬಿ ಪಾಠದಲ್ಲಿ ಓದಿ ಮರೆತೆಯಾ ಎಂದೂ ಕೇಳಿದರು. ನಮ್ಮದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಜನರ ಬಗ್ಗೆ ಎಷ್ಟೊಂದು ಹಾಸ್ಯ ಬರೆದಿದ್ದಾರೆ. ಅದನ್ನು ಓದಿದರೆ ಅವರು ಹಳ್ಳಿಯವರ ಪಕ್ಕದಲ್ಲೇ ಕುಳಿತು ನಗುತ್ತಿದ್ದಾರೆ ಅನಿಸುತ್ತದೆ.

ಹಾಗಾದರೆ ಪೆಬ್‌ಕ್ಯಾಕ್ ಜೋಕು ಹೇಳಲೇಬಾರದೇ? ಹೇಳಬಹುದು, ನಮ್ಮ ಮೇಲೆ. ಒಂದು ಗಂಟೆ ಹುಡುಕಿ ಕೊನೆಗೆ ಫೈಲನ್ನು ಸೇವ್ ಮಾಡಿರಲಿಲ್ಲ ಎಂದು ಗೊತ್ತಾದಾಗ, "ಇವತ್ತು ದೋಷ ನನ್ನ ಕುರ್ಚಿಯಲ್ಲಿತ್ತು" ಎಂದರೆ ಎಲ್ಲರೂ ನಗುತ್ತಾರೆ, ಹೊಸಬರಿಗೆ ಧೈರ್ಯವೂ ಬರುತ್ತದೆ. ಅದೇ ಮಾತನ್ನು ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿದರೆ ಬಾಗಿಲು ಮುಚ್ಚಿದಂತೆ.

ನಡತೆಯೂ ಬರೆದಿಟ್ಟ ನಿಯಮವೇ

ಆರ್‌ಎಫ್‌ಸಿ ಎಂಬ ಹೆಸರಿನ ಅರ್ಥವೇ 'ಅಭಿಪ್ರಾಯ ತಿಳಿಸಲು ವಿನಂತಿ'. 1969ರ ಏಪ್ರಿಲ್‌ನಲ್ಲಿ ಮೊದಲ ಆರ್‌ಎಫ್‌ಸಿ ಬರೆದ ಸ್ಟೀವ್ ಕ್ರಾಕರ್ ಆಗ ವಿದ್ಯಾರ್ಥಿ. ದೊಡ್ಡವರ ಮುಂದೆ ಅಧಿಕಾರ ಚಲಾಯಿಸಿದಂತೆ ಕಾಣಬಾರದೆಂದು ಈ ವಿನಯದ ಹೆಸರು ಇಟ್ಟರು. 1995ರಲ್ಲಿ ಬಂದ ಆರ್‌ಎಫ್‌ಸಿ 1855 ಪೂರ್ತಿಯಾಗಿ ಇಂಟರ್‌ನೆಟ್ ನಡತೆಯ ಬಗ್ಗೆಯೇ ಇದೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕೂಗಿದಂತೆ ಕಾಣುತ್ತದೆ, ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಕಳೆದ ಮೇಲೆ ಕಳಿಸು ಎಂಬ ಮಾತುಗಳು ಅದರಲ್ಲಿವೆ.

ನಿಯಮ ಇದ್ದ ಮಾತ್ರಕ್ಕೆ ಎಲ್ಲರೂ ಪಾಲಿಸಲಿಲ್ಲ. ಲಿನಕ್ಸ್ ರೂಪಿಸಿದ ಲೀನಸ್ ಟೊರ್ವಾಲ್ಡ್ಸ್ ಬಹಳ ದೊಡ್ಡ ಪ್ರೋಗ್ರಾಮರ್. ಆದರೆ ಇತರರ ಕೆಲಸದಲ್ಲಿ ತಪ್ಪು ಕಂಡರೆ ಕಟುವಾಗಿ ಬೈಯುತ್ತಿದ್ದರು. 2018ರ ಸೆಪ್ಟೆಂಬರ್ 16ರಂದು ಅವರು ತಮ್ಮ ನಡತೆಯಿಂದ ನೊಂದವರ ಕ್ಷಮೆ ಕೇಳಿ, ಜನರ ಭಾವನೆಗಳನ್ನು ಅರ್ಥ ಮಾಡಿಕೊಳ್ಳಲು ಸಹಾಯ ಪಡೆಯುತ್ತೇನೆಂದು ಹೇಳಿ, ಸುಮಾರು ಒಂದು ತಿಂಗಳು ಕೆಲಸದಿಂದ ದೂರ ಉಳಿದರು. ಅದೇ ಸಮಯದಲ್ಲಿ ಲಿನಕ್ಸ್ ಯೋಜನೆ ಹೊಸ ನಡತೆ ಸಂಹಿತೆಯನ್ನು ಒಪ್ಪಿಕೊಂಡಿತು. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಕೂಡ 2018ರಲ್ಲಿ, ಹೊಸಬರಿಗೆ ನಮ್ಮಲ್ಲಿ ಸಾಕಷ್ಟು ಸ್ವಾಗತ ಇಲ್ಲ, ಇದು ಬದಲಾಗಬೇಕು ಎಂದು ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು.

ತಪ್ಪು ಯಾವಾಗಲೂ ಹಳಬರದ್ದೇ ಅಲ್ಲ. ಎಕ್ಸ್‌ಪ್ರೆಸ್ ಎಂಬುದು ಜಗತ್ತಿನ ಅಸಂಖ್ಯ ಜಾಲತಾಣಗಳು ಬಳಸುವ ಉಚಿತ ತಂತ್ರಾಂಶ. ಅದಕ್ಕೆ ಯಾರಾದರೂ ತಿದ್ದುಪಡಿ ಸೂಚಿಸಬಹುದು. ಅದಕ್ಕೆ 'ಪುಲ್ ರಿಕ್ವೆಸ್ಟ್' ಎಂದು ಹೆಸರು. ಅದನ್ನು ಕಳಿಸುವುದು ಹೇಗೆಂದು ಕಲಿಸುವ ಒಂದು ವಿಡಿಯೋ ನೋಡಿ, 2024ರ ಆರಂಭದಲ್ಲಿ ನಮ್ಮ ದೇಶದ ಬಹಳಷ್ಟು ವಿದ್ಯಾರ್ಥಿಗಳು ಎಕ್ಸ್‌ಪ್ರೆಸ್‌ನ ಪರಿಚಯ ಪುಟಕ್ಕೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್ ಕಳಿಸಿದರು. ಅವರು ಕೆಟ್ಟವರಲ್ಲ, ಅಭ್ಯಾಸ ಮಾಡುತ್ತಿದ್ದರು. ಆದರೆ ಹಾಗೆ ಬಂದದ್ದನ್ನು ಒಂದೊಂದಾಗಿ ಮುಚ್ಚಬೇಕಾದವರು ಆ ತಂತ್ರಾಂಶ ನೋಡಿಕೊಳ್ಳುವವರು. ಹೋಟೆಲಿನ ಅಡುಗೆಮನೆಯಲ್ಲಿ ಜನ ತುಂಬಿರುವಾಗ ನಾವು ಹೋಗಿ ದೋಸೆ ಹುಯ್ಯಲು ಕಲಿತಂತೆ. 2020ರ ಅಕ್ಟೋಬರ್‌ನಲ್ಲೂ ಹೀಗೇ ಆಗಿತ್ತು. ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ ಒಂದೆರಡು ಪದ ಬದಲಿಸಿದ ಕಸ ತುಂಬಿ, ಮೂರನೇ ದಿನವೇ ನಿಯಮ ಬದಲಿಸಬೇಕಾಯಿತು. ಅಭ್ಯಾಸ ಬೇಕಾದರೆ ನಮ್ಮದೇ ಖಾತೆಯಲ್ಲಿ ಒಂದು ಯೋಜನೆ ತೆರೆದು ಗೆಳೆಯರೊಂದಿಗೆ ಮಾಡಬಹುದು.

ನಮ್ಮ ಕನ್ನಡದ ಕಟ್ಟೆ

ಕನ್ನಡದಲ್ಲಿ ಇಂಥ ಸಮುದಾಯ ಇಲ್ಲವೇ? ಇದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದರಲ್ಲಿ ಸಂಪಾದಕರು ಕೂಡಿ ಚರ್ಚೆ ಮಾಡುವ ಪುಟದ ಹೆಸರು 'ಅರಳಿ ಕಟ್ಟೆ'. ಎಷ್ಟು ಒಳ್ಳೆಯ ಹೆಸರು! ಊರಿನ ಅರಳಿ ಕಟ್ಟೆಯಲ್ಲಿ ಹಿರಿಯರೂ ಕೂರುತ್ತಾರೆ, ದಾರಿಹೋಕರೂ ಕೂರುತ್ತಾರೆ. ಎದುರಿನವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾರೆ ಎಂದು ಮೊದಲು ನಂಬು, ಹೊಸಬರನ್ನು ಕಚ್ಚಬೇಡ ಎಂಬುವು ವಿಕಿಪೀಡಿಯದ ಪ್ರಸಿದ್ಧ ನಿಯಮಗಳು. ನಮ್ಮ ರಾಜ್ಯದಲ್ಲೇ ಪೈಥಾನ್ ಬಳಸುವವರ ಪೈಕಾನ್ ಇಂಡಿಯಾ ಸಮ್ಮೇಳನ 2009ರಲ್ಲಿ ಮೊದಲ ಬಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು.

ನಾನು ಈ ಲೇಖನ ಟೈಪ್ ಮಾಡುತ್ತಿರುವ ಕೀಲಿಮಣೆ ವಿನ್ಯಾಸದ ಹಿಂದೆ ಕೆ. ಪಿ. ರಾವ್ ಅವರ ಕೆಲಸ ಇದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಬರಹ ತಂತ್ರಾಂಶ ಹೊರತಂದರು. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶ ರೂಪಿಸಿತು. ನುಡಿಯ ಹಳೆಯ ಫೈಲನ್ನು ಫಾಂಟ್ ಇಲ್ಲದ ಕಡೆ ತೆರೆದರೆ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಅದರ ಪಕ್ಕ ಪೌಂಡ್ ಚಿಹ್ನೆ, ಹೀಗೆ ಕಾಣುತ್ತದೆ. ನಾವೆಲ್ಲ ನೋಡಿ ನಗುತ್ತೇವೆ. ಆದರೆ ಅದು ಹಾಗೇಕೆ ಎಂದು ತಿಳಿದರೆ ನಗುವಿನ ಜೊತೆ ಗೌರವವೂ ಬರುತ್ತದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಕಾಲದಲ್ಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ ಅವರು ಕೆಲಸ ನಡೆಸಿದರು. ಈಗ ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಿಭಾಗ ಇದೆ.

ಅಬ್ಬಾ ಕಲಿಸಿದ ಲೆಕ್ಕ

ಅಬ್ಬಾ ಆಲೂಗಡ್ಡೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಓದಿರುವಂತೆ ತಪ್ಪು ನಮೂದನ್ನು ಉಜ್ಜಿ ಅಳಿಸಬಾರದು. ಅದನ್ನು ಹಾಗೇ ಬಿಟ್ಟು ತಿದ್ದುಪಡಿ ನಮೂದು ಬರೆಯಬೇಕು. ಪ್ರೋಗ್ರಾಮರುಗಳು ಬಳಸುವ ಗಿಟ್ ಎಂಬ ವ್ಯವಸ್ಥೆಯಲ್ಲೂ ಸಾಮಾನ್ಯವಾಗಿ ಹೀಗೇ: ಹಳೆಯ ತಪ್ಪು ದಾಖಲೆಯಲ್ಲಿ ಉಳಿಯುತ್ತದೆ, ಅದರ ಮೇಲೆ ತಿದ್ದುಪಡಿ ಬರುತ್ತದೆ. ತಾಳೆ ಪಟ್ಟಿ ಸರಿಹೊಂದಿದರೂ ತತ್ವದ ತಪ್ಪು ಒಳಗೇ ಅಡಗಿರಬಹುದು. ಪ್ರೋಗ್ರಾಂ ಕೂಡ ಎರರ್ ಇಲ್ಲದೆ ಓಡಿ ತಪ್ಪು ಉತ್ತರ ಕೊಡಬಹುದು. ಹಾಗಾಗಿ ತಪ್ಪು ಮಾಡದ ಲೆಕ್ಕಿಗನೂ ಇಲ್ಲ, ತಪ್ಪು ಮಾಡದ ಪ್ರೋಗ್ರಾಮರೂ ಇಲ್ಲ.

ಒಮ್ಮೆ ಮಂಡಿಯ ಖಾತೆಯಲ್ಲಿ 900 ರೂಪಾಯಿ ವ್ಯತ್ಯಾಸ ಬಂದಾಗ ಇದು ಯಾರ ಕೈಬರಹ ಎಂದು ನಾನು ಕೇಳಿದೆ. ಅಬ್ಬಾ ತಲೆ ಎತ್ತದೆ ಹೇಳಿದರು, "ಮೊದಲು ಸಾಲು ಹುಡುಕು, ಆಮೇಲೆ ಕೈ." ಸಾಲು ಸಿಕ್ಕಿತು. ಕೈ ಯಾರದೆಂದು ಅವರು ಕೊನೆಗೂ ಹೇಳಲಿಲ್ಲ.

ಕೇಳುವುದು ಹೇಗೆ, ಹೇಳುವುದು ಹೇಗೆ

ಈಗ ನಮ್ಮ ಲ್ಯಾಬ್ ಗ್ರೂಪಿನಲ್ಲಿ ನಾವೇ ಮಾಡಿಕೊಂಡ ನಿಯಮಗಳು ಇವೆ. ಚನ್ನರಾಯಪಟ್ಟಣದ ನಮ್ಮ ಸಹಪಾಠಿಯೊಬ್ಬಳು ಇವನ್ನು ಬರೆದು ಲ್ಯಾಬ್ ಬಾಗಿಲಿಗೆ ಅಂಟಿಸಿದ್ದಾಳೆ.

ಕೇಳುವವರು:
1. ಎರರಿನ ಕೊನೆಯ ಸಾಲನ್ನು ಮೊದಲು ಓದಿ. ಅರ್ಥವಾಗದಿದ್ದರೆ ಅದನ್ನೇ ಹುಡುಕಿ ನೋಡಿ.
2. "ಬರ್ತಿಲ್ಲ" ಎಂದಷ್ಟೇ ಬರೆಯಬೇಡಿ. ಏನು ಬರಬೇಕಿತ್ತು, ಏನು ಬಂತು, ಎರಡನ್ನೂ ಬರೆಯಿರಿ.
3. ಯಾವುದರಲ್ಲಿ ಮಾಡುತ್ತಿದ್ದೀರಿ ತಿಳಿಸಿ: ಲ್ಯಾಬ್ ಕಂಪ್ಯೂಟರೋ, ಫೋನೋ. ಟೈಪ್ ಮಾಡಿದ್ದೋ, ಕಾಪಿ ಮಾಡಿದ್ದೋ.
4. ಉತ್ತರ ಸಿಕ್ಕಿದರೆ ಯಾವುದರಿಂದ ಸರಿಹೋಯಿತೆಂದು ಬರೆಯಿರಿ. ಮುಂದಿನವರಿಗೆ ಅದೇ ಪಾಠ.

ಹೇಳುವವರು:
1. ಮೊದಲು ಉತ್ತರ, ಆಮೇಲೆ ಜೋಕು. ಉತ್ತರ ಗೊತ್ತಿಲ್ಲದಿದ್ದರೆ ಜೋಕೂ ಬೇಡ.
2. "ಇಷ್ಟೂ ಗೊತ್ತಿಲ್ವಾ" ಎಂಬ ಮಾತು ನಿಷಿದ್ಧ.
3. ಮೊದಲೇ ಉತ್ತರ ಕೊಟ್ಟಿದ್ದರೆ ಹಳೆಯ ಮೆಸೇಜನ್ನು ತೋರಿಸಿ, ಜೊತೆಗೆ ಒಂದು ಸಾಲು ವಿವರಿಸಿ.
4. ಪ್ರೋಗ್ರಾಮಿನ ತಪ್ಪು ಹೇಳಿ, ಬರೆದವರ ಬುದ್ಧಿಯ ಬಗ್ಗೆ ಹೇಳಬೇಡಿ.
5. ಎಲ್ಲರ ಮುಂದೆ ನೋಯಿಸಿದರೆ ಎಲ್ಲರ ಮುಂದೆಯೇ ಕ್ಷಮೆ ಕೇಳಿ.

ಕೊನೆಯ ನಿಯಮ ಯಾರು ಹೇಳಿದ್ದೆಂದು ನಿಮಗೆ ಗೊತ್ತಾಗಿರಬಹುದು. ಅವಳು ಎಚ್‌ಇಬಿಎಗೆ ಹೋಗಲಿಲ್ಲ. ಮೇಡಂ ಅವಳಿಗೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬ್ ತೆರೆದುಕೊಟ್ಟರು. ನಾವು ಮೂರು ನಾಲ್ಕು ಜನ ಅವಳ ಜೊತೆ ಕೂರುತ್ತಿದ್ದೆವು. ನನ್ನನ್ನು ಅವಳು ತಕ್ಷಣ ನಂಬಲಿಲ್ಲ. ಗ್ರೂಪಿನಲ್ಲಿ ಮತ್ತೆ ಪ್ರಶ್ನೆ ಕೇಳಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಮಾಡಿದ್ದು ಒಂದು ಸಾಲು, ಸರಿಪಡಿಸಲು ಎರಡು ತಿಂಗಳು.

ಹೋದ ತಿಂಗಳು ನಾನೇ ಒಂದು ಪ್ರೋಗ್ರಾಂ ಓಡದೆ ಗ್ರೂಪಿನಲ್ಲಿ ಹಾಕಿದೆ. ಮೊದಲು ಉತ್ತರ ಕೊಟ್ಟವಳು ಅವಳೇ: "ಎಂಟನೇ ಸಾಲಿನ ಕೊನೆಗೆ ಕೋಲನ್ ಇಲ್ಲ ನೋಡು. ನಿನ್ನ ಕುರ್ಚಿ ಸರಿ ಇದೆ ಕಣೆ." ಪಕ್ಕದಲ್ಲಿ ಒಂದು ನಗುಮುಖ.

ನೀವೂ ಮಾಡಿ ನೋಡಿ

1. ಲ್ಯಾಬಿನಲ್ಲಿ ಇಂಟರ್‌ನೆಟ್ ಇದ್ದಾಗ ಪೈಥಾನಿನಲ್ಲಿ 'ಇಂಪೋರ್ಟ್ ಆಂಟಿಗ್ರಾವಿಟಿ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಏನಾಗುತ್ತದೆಂದು ನಾನು ಹೇಳುವುದಿಲ್ಲ.

2. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡ ಹೆಸರನ್ನೂ ಕೊಡಬಹುದು. ಅಸಲು, ದರ, ಅವಧಿ ಎಂಬ ಮೂರು ಚರಗಳಿಗೆ ಬೆಲೆ ಕೊಟ್ಟು, ಮೂರನ್ನೂ ಗುಣಿಸಿ 100ರಿಂದ ಭಾಗಿಸಿ ಬಡ್ಡಿ ಎಂಬ ಚರದಲ್ಲಿಡಿ. ಅಸಲು 5000, ದರ 8, ಅವಧಿ 2 ಆದರೆ ಉತ್ತರ 800 ಬರಬೇಕು. ಒಂದು ಎಚ್ಚರಿಕೆ: 'ರಾಜ್‌ಕುಮಾರ್' ಎಂಬಂಥ ಪದದ ನಡುವೆ ಅಕ್ಷರಗಳು ಕೂಡದಂತೆ ತಡೆಯುವ ಒಂದು ಅದೃಶ್ಯ ಅಕ್ಷರ ಇರುತ್ತದೆ. ಚರದ ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಆಗ ಎರರ್ ಓದಿ.

3. ನಿಮ್ಮ ಫೋನಿನಲ್ಲಿ, ಯಾರದೋ ಪ್ರಶ್ನೆಗೆ ನೀವು ಕೊಟ್ಟ ಹಳೆಯ ಉತ್ತರ ಒಂದನ್ನು ಹುಡುಕಿ ಓದಿ. ಅದನ್ನು ಓದುವಾಗ ಅವರು ಎಲ್ಲಿ ನಿಂತಿದ್ದರು ಎಂದು ಯೋಚಿಸಿ. ಬೇಕೆನಿಸಿದರೆ ಇವತ್ತೇ ಇನ್ನೊಂದು ಸಾಲು ಬರೆಯಿರಿ.